ಮಾಯಾ ಕಲ್ಲಿಗೆ ಅಂಟಿದ ಅರಸಿನ

ಆ ದಿನವೂ ಬೆಳಿಗ್ಗೆ ಎದ್ದವಳು ಮೊದಲು ಬಾಲ್ಕನಿಗೆ ಹೋಗಿ, ಏಸಿಯ ನೀರು ತುಂಬಿದ್ದ ಬಕೆಟ್ಟನ್ನು ಕರಿಬೇವಿನ ಗಿಡಕ್ಕೆ ಸುರಿದೆ. ಆಗಸ್ಟ್ ತಿಂಗಳಲ್ಲಿ ದುಬೈಯ ಡಿಸ್ಕವರಿ ಗಾರ್ಡನ್ಸಿನಲ್ಲಿ ಸೂರ್ಯ ಹುಟ್ಟುವ ಮೊದಲೇ ಬಾಲ್ಕನಿಯ ಗಾಜು ಬೆವರಿರುತ್ತದೆ. ಸ್ಟ್ಯಾಂಡಿನ ಮೇಲೆ ಹರಡಿದ್ದ ಟವೆಲ್‌ಗಳನ್ನು ಮುಟ್ಟಿ ನೋಡಿದೆ, ಅಂಚು ಇನ್ನೂ ಒದ್ದೆ. ಇವರಿಗೆ ಬಿ.ಪಿ. ಮಾತ್ರೆ ಕೊಟ್ಟು, ಹಾಲ್‌ನ ಮೂಲೆಯ ಪುಟ್ಟ ಅಲ್ತಾರಿನ ಮುಂದೆ ಶಿಲುಬೆಯ ಗುರುತು ಮಾಡಿ, ದೋಸೆ ಕಾವಲಿಯನ್ನು ಒಲೆಗಿಟ್ಟೆ. ಅಷ್ಟರಲ್ಲಿ ಬೆಲ್ ಆಯಿತು.

ಎದುರು ಮನೆಯ ಗಿರಿಜಕ್ಕ. ಕೈಯಲ್ಲಿ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆಯುವ ಮೊದಲೇ ಪರಿಮಳದಿಂದ ಗೊತ್ತಾಯಿತು, ಅರಸಿನ ಎಲೆಯಲ್ಲಿ ಬೇಯಿಸಿದ ಕಡುಬು. ನಾವು ಕೊಂಕಣಿಯವರು ಅದನ್ನೇ ಪಾತೊಳಿ ಎನ್ನುತ್ತೇವೆ.

“ಇವತ್ತು ನಾಗರಪಂಚಮಿ ಅಲ್ವಾ ಬಾಯಿ. ನಿನ್ನೆ ಕರಾಮಕ್ಕೆ ಹೋಗಿ ಎಲೆ ತಂದದ್ದು. ಬಿಸಿ ಇರುವಾಗ ತಿನ್ನಿ,” ಎಂದರು. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಿ ಎನ್ನುವುದು. ಆಮೇಲೆ ಸೆರಗಿನ ಅಡಿಯಿಂದ ಕಾಗದದ ಒಂದು ಸಣ್ಣ ಕಟ್ಟು ತೆಗೆದರು. “ಆ ಹುಡುಗಿ ಇವತ್ತೇ ಹೊರಡುವುದಲ್ವಾ ಮೆಕ್ಸಿಕೋಗೆ? ಇದನ್ನು ಅವಳ ಕೈಯಲ್ಲಿ ಕಳಿಸಿ. ಹೆಚ್ಚೇನಿಲ್ಲ, ಅರಸಿನ, ನಾಲ್ಕು ಕಾಳು ಅರಳು. ಅಲ್ಲಿ ಒಂದು ಸೀಯಾಳ ತಗೊಂಡು… ಉಳಿದದ್ದು ನಿಮಗೆ ಗೊತ್ತುಂಟಲ್ಲ.”

“ಅವಳು ಅಲ್ಲಿಗೆ ಮುಟ್ಟುವಾಗ ಪಂಚಮಿ ಕಳೆದಿರ್ತದೆ ಗಿರಿಜಕ್ಕ.”

“ಕಳೆಯಲಿ. ಬಾಕಿ ಬಾಕಿಯೇ ಅಲ್ವಾ.”

“ನೋಡುವ,” ಎಂದು ಕಟ್ಟು ತೆಗೆದುಕೊಂಡೆ. ಗಿರಿಜಕ್ಕ ಮೊಣಕಾಲು ಹಿಡಿದುಕೊಂಡು ಮೆಲ್ಲನೆ ತಮ್ಮ ಬಾಗಿಲಿಗೆ ಹೋದರು. ಒಲೆಯ ಮೇಲೆ ಕಾವಲಿ ಹೊಗೆಯಾಡುತ್ತಿತ್ತು.

ಆ ಬಾಕಿ ಏನು ಎಂದು ಹೇಳಬೇಕಾದರೆ ನನ್ನ ಕೆಲಸದ ಕುರಿತು ಹೇಳಬೇಕು. ನಾನು ಮನೆವಾರ್ತೆಯವಳು. ಮಕ್ಕಳು ದೊಡ್ಡ ತರಗತಿಗೆ ಹೋದ ಮೇಲೆ ಕರಾಮದ ಒಂದು ಸಣ್ಣ ಟೂರ್ ಆಫೀಸಿಗೆ ಅರ್ಧ ದಿನದ ಕೆಲಸಕ್ಕೆ ಸೇರಿದೆ. ಅಲ್ಲಿಂದ ಟೂರ್ ಎಸ್ಕಾರ್ಟ್ ಆದೆ, ಅಂದರೆ ದುಬೈ, ಅಬುಧಾಬಿಯ ನಮ್ಮ ಜನರನ್ನು ಗುಂಪು ಕಟ್ಟಿ ಹೊರದೇಶಗಳಿಗೆ ಕರೆದುಕೊಂಡು ಹೋಗಿ ಸುರಕ್ಷಿತವಾಗಿ ಮರಳಿ ತರುವವಳು. ಕಳೆದ ವರ್ಷ ನಿವೃತ್ತಳಾದೆ. ಈಗ ನನ್ನ ಜಾಗಕ್ಕೆ ಬಂದಿರುವವಳು ಗಿರಿಜಕ್ಕ ಹೇಳಿದ ಆ ಹುಡುಗಿ, ಅನ್ವಿತಾ. ಅವಳಂಥ ಹುಡುಗಿಯರು ಈ ಕೆಲಸವನ್ನು ಫೋಟೋಗಳಲ್ಲಿ ನೋಡಿ ಬರುತ್ತಾರೆ. ಫೋಟೋದಲ್ಲಿ ಇಲ್ಲದ್ದನ್ನು ಬರೆಯೋಣ ಎಂದು ಕುಳಿತಿದ್ದೇನೆ.

ನನಗೆ ಕೆಲಸ ಕಲಿಸಿದವರು ಇಬ್ಬರು. ಒಬ್ಬರು ಕಾನ್ವೆಂಟಿನ ಸಿಸ್ಟರ್. ನಮ್ಮನ್ನು ಜೋಡಿ ಜೋಡಿಯಾಗಿ ಚರ್ಚಿಗೆ ಕರೆದೊಯ್ಯುವಾಗ ಅವರು ಯಾವತ್ತೂ ಸಾಲಿನ ಕೊನೆಯಲ್ಲಿರುತ್ತಿದ್ದರು. ಮುಂದೆ ನಡೆಯುವವರಿಗೆ ದಾರಿ ಮಾತ್ರ ಕಾಣುತ್ತದೆ, ಹಿಂದೆ ನಡೆಯುವವರಿಗೆ ಮಕ್ಕಳು ಕಾಣುತ್ತಾರೆ ಎನ್ನುತ್ತಿದ್ದರು. ಇನ್ನೊಬ್ಬರು ಆಫೀಸಿನ ಮ್ಯಾನೇಜರ್ ವರ್ಗೀಸ್ ಸರ್. ಕೋಪ ಬಂದರೆ ಪೆನ್ನಿನ ಕ್ಯಾಪ್ ಕಚ್ಚುವವರು. “ಲವಿನಾ, ಬಾವುಟ ಹಿಡಿಯುವುದು ಗೈಡಿನ ಕೆಲಸ. ನೀನು ಕೊನೆಯವರ ಚಪ್ಪಲಿ ನೋಡ್ತಾ ನಡಿ,” ಎಂದಿದ್ದರು. ನಾನು ಅಕ್ಷರಶಃ ಚಪ್ಪಲಿ ನೋಡುತ್ತಲೇ ನಡೆದೆ. ಹಿಮ್ಮಡಿ ಸವೆದ ಚಪ್ಪಲಿಯವರು ಸಂಜೆಯ ಒಳಗೆ ಜಾರುತ್ತಾರೆ, ಹೊಸ ಶೂ ಹಾಕಿದವರಿಗೆ ಮಧ್ಯಾಹ್ನದ ಒಳಗೆ ಬ್ಯಾಂಡ್-ಏಡ್ ಬೇಕಾಗುತ್ತದೆ. ಇಪ್ಪತ್ತು ಜನರ ಚಪ್ಪಲಿ ಗೊತ್ತಿದ್ದರೆ ಮುಖ ನೋಡಿ ಎಣಿಸುವ ಅಗತ್ಯವಿಲ್ಲ.

ಮೆಕ್ಸಿಕೋದ ಮಾಯಾ ಅವಶೇಷಗಳ ಟೂರು ನಮ್ಮಲ್ಲಿ ತಡವಾಗಿ ಶುರುವಾಯಿತು. ಅಮೆರಿಕದ ವೀಸಾ ಇದ್ದವರಿಗೆ ಅಲ್ಲಿಗೆ ಬೇರೆ ವೀಸಾ ಬೇಡ ಎಂಬುದು ಬಾಯಿಂದ ಬಾಯಿಗೆ ಹೋದ ಮೇಲೆ, ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿಬಂದಿದ್ದ ಹಿರಿಯರೆಲ್ಲ ವಿಚಾರಿಸತೊಡಗಿದರು. ಶಾಲೆಗೆ ರಜೆ ಇರುವುದು ಇಲ್ಲಿನ ಬೇಸಗೆಯಲ್ಲಿ. ಹಾಗಾಗಿ ನಾವು ಹೋಗುತ್ತಿದ್ದದ್ದು ಅಲ್ಲಿನ ಅತಿ ಬಿಸಿಲಿನ, ಸಂಜೆಗೆ ಮಳೆ ಬರುವ ತಿಂಗಳಲ್ಲಿ.

ಮೊದಲ ಗುಂಪಿನಲ್ಲೇ ಪಾಠವಾಯಿತು. ಕಾಡು ದಾಟಿ ಬಯಲಿಗೆ ಬಂದರೆ ಎದುರಿಗೆ ಬೂದು ಕಲ್ಲಿನ ಎತ್ತರದ ಮೆಟ್ಟಿಲು. ಗೈಡು “ದೇವಸ್ಥಾನ” ಎಂದು ಹೇಳಿದ್ದೇ ತಡ, ನಮ್ಮವರಲ್ಲಿ ಅರ್ಧ ಜನ ಚಪ್ಪಲಿ ಕಳಚಿ ಒಂದು ಬದಿಗೆ ಸಾಲಾಗಿ ಇಟ್ಟರು. ಯಾರೂ ಯಾರಿಗೂ ಹೇಳಲಿಲ್ಲ, ಕೈ ತಾನಾಗಿ ಚಪ್ಪಲಿಗೆ ಹೋಯಿತು. ಕಲ್ಲು ದೋಸೆ ಕಾವಲಿಯಂತೆ ಕಾದಿತ್ತು. ಆ ಸಂಜೆ ಹೋಟೆಲಿನ ಲಾಬಿಯಲ್ಲಿ ಐದಾರು ಹೆಂಗಸರ ಅಂಗಾಲಿಗೆ ಐಸ್ ಒತ್ತಿದೆ. ಮುಂದಿನ ಗುಂಪಿನಿಂದ ಬಸ್ಸಿನಲ್ಲೇ ಹೇಳತೊಡಗಿದೆ, ಇದು ಪೂಜೆ ನಿಂತ ಜಾಗ, ಚಪ್ಪಲಿ ಕಾಲಲ್ಲೇ ಇರಲಿ.

ಎರಡನೆಯದು ತಲೆಗೆಣ್ಣೆಯ ಪಾಠ. ಅವಶೇಷಗಳ ಹತ್ತಿರ ನೆಲ ಕುಸಿದು ಆದ ಆಳವಾದ ನೀರಿನ ಕೊಳಗಳಿವೆ, ಬಾವಿಯಂತೆ ತಣ್ಣಗೆ, ನೀಲಿ. ಅದರಲ್ಲಿ ಈಜಬೇಕಾದರೆ ಮೈಯಲ್ಲಿ ಕ್ರೀಮು, ಎಣ್ಣೆ ಏನೂ ಇರಬಾರದು. ನಮ್ಮ ಹೆಂಗಸರು ಪ್ರಯಾಣವೆಂದು ಬೆಳಿಗ್ಗೆಯೇ ತೆಂಗಿನೆಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹೆಣೆದುಕೊಂಡಿದ್ದರು. ಕಾವಲಿನ ಹೆಂಗಸು ಒಬ್ಬೊಬ್ಬರ ತಲೆ ಮುಟ್ಟಿ, ಬೆರಳು ಮೂಸಿ, ಶವರಿನ ಕಡೆ ಕೈ ತೋರಿಸಿದಳು. ಇವರು ಮೂರು ಸಲ ತಲೆ ತೊಳೆಯುವಷ್ಟರಲ್ಲಿ ಗಂಡಸರು ಈಜಿ, ಮೈ ಒರೆಸಿ, ಜೋಳದ ರೊಟ್ಟಿ ತಿಂದು ಮುಗಿಸಿದ್ದರು. ಅದು ನನ್ನ ತಪ್ಪೇ, ನಿಯಮವನ್ನು ಓದಿದ್ದೆ, ನಮ್ಮ ತಲೆಗಳನ್ನು ನೆನೆದಿರಲಿಲ್ಲ.

ಇನ್ನೊಂದು ಊರಿನಲ್ಲಿ ಹಳೆಯ ಇಗರ್ಜಿ, ಅಂದರೆ ಚರ್ಚು, ನೋಡಲು ಹೋದೆವು. ಮಾಯಾ ಗುಡಿಯನ್ನು ಕೆಡವಿ ಅದೇ ಕಲ್ಲಿನಿಂದ ಕಟ್ಟಿದ್ದು. ಗುಂಪಿನಲ್ಲಿದ್ದ ಸಿರಿಲ್ ಮಾಮ್, ಅಬುಧಾಬಿಯ ಆಸ್ಪತ್ರೆಯೊಂದರ ಸ್ಟೋರಿನಲ್ಲಿ ದುಡಿದು ನಿವೃತ್ತರಾದವರು, ಪೂಜೆ ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಿದ್ದರು. ನಾನು ಗೋಡೆಯ ಕೆಳಸಾಲಿನಲ್ಲಿ ಒಂದು ಕಲ್ಲು ನೋಡಿದೆ. ಅದರಲ್ಲಿ ಸುರುಳಿ ಕೆತ್ತನೆ ಇತ್ತು, ತಲೆಕೆಳಗಾಗಿ ಕೂತಿತ್ತು. ಅದನ್ನು ತೋರಿಸಿದಾಗ ಸಿರಿಲ್ ಮಾಮ್ ಕನ್ನಡಕ ಏರಿಸಿ ನೋಡಿ, “ಕಟ್ಟಿದವನಿಗೆ ಅರ್ಜೆಂಟ್ ಇದ್ದಿರಬೇಕು,” ಎಂದರು. ಆಮೇಲೆ ಒಳಗೆ ಹೋಗಿ ಮೊಣಕಾಲೂರಿದರು. ನಾನೂ ಊರಿದೆ. ಆ ಕಲ್ಲು ಮಾತ್ರ ಮನಸ್ಸಿನಲ್ಲೇ ಉಳಿಯಿತು.

ಕಳೆದ ವರ್ಷದ ಗುಂಪಿನಲ್ಲಿ ಸಿರಿಲ್ ಮಾಮ್ ಎರಡನೆಯ ಸಲ ಬಂದಿದ್ದರು. ಗಿರಿಜಕ್ಕ ಮತ್ತು ಅವರ ಗಂಡ ಜಗನ್ನಾಥಣ್ಣನೂ ಇದ್ದರು. ಜಗನ್ನಾಥಣ್ಣ ಮುಹೈಸ್ನಾದಲ್ಲಿ ಕಾರ್ಮಿಕರ ಕ್ಯಾಂಪುಗಳ ನಡುವೆ ಕೆಫೆಟೇರಿಯಾ ನಡೆಸುವವರು. ವರ್ಷವಿಡೀ ಪರೋಟ, ಚಹಾದ ಲೆಕ್ಕದಲ್ಲೇ ಇರುವವರಿಗೆ ಅದು ಮೊದಲ ದೊಡ್ಡ ಪ್ರವಾಸ.

ಅವಶೇಷಗಳಿಗೆ ಹೋಗುವ ಹಿಂದಿನ ದಿನ ಬಸ್ಸಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಎಬ್ಬಿಸಲು ನಾನೇ ಮೈಕ್ ಹಿಡಿದೆ. “ನಾಳೆ ನೋಡುವ ಮೆಟ್ಟಿಲಿನ ಬುಡದಲ್ಲಿ ಕಲ್ಲಿನ ದೊಡ್ಡ ಹಾವಿನ ತಲೆ ಉಂಟು. ಬಾಯಿ ತೆರೆದಿದೆ, ಕತ್ತಿನ ಸುತ್ತ ಗರಿ ಕೆತ್ತಿದ್ದಾರೆ. ಮಾಯಾ ಜನರಿಗೆ ಅದು ದೇವರು,” ಎಂದೆ. ನಡುಸಾಲಿನಲ್ಲಿ ಗಿರಿಜಕ್ಕ ತಂಪು ಕನ್ನಡಕ ತೆಗೆದು ನೆಟ್ಟಗೆ ಕೂತರು.

ಮರುದಿನ ತಿಂಡಿಯ ಹೊತ್ತಿಗೆ ನನ್ನ ಮೇಜಿಗೆ ಬಂದರು. “ಇವತ್ತು ನಾಗರಪಂಚಮಿ ಬಾಯಿ. ಪ್ರತಿ ವರ್ಷ ಊರಿಗೆ ಹೋಗಿ ನಮ್ಮ ನಾಗಬನದಲ್ಲಿ ತಂಬಿಲ ಕೊಡ್ತಿದ್ದೆ. ಒಂದು ವರ್ಷ ಬಿಟ್ಟದ್ದಿಲ್ಲ. ಈ ಸಲ ಇವರದ್ದು ಹಠ, ಟೂರು ಟೂರು ಅಂತ.”

ಹಿಂದೆ ನಿಂತಿದ್ದ ಜಗನ್ನಾಥಣ್ಣ, “ನಾಗ ಎಲ್ಲಿಗೂ ಓಡುದಿಲ್ಲ ಮಾರಾಯ್ತಿ. ಡಿಸ್ಕೌಂಟ್ ಓಡ್ತದೆ,” ಎಂದರು.

“ಊರಲ್ಲಿ ಈಗ ಪಂಚಮಿ ಮುಗಿದು ಕತ್ತಲಾಗಿರ್ಬೇಕಲ್ಲ ಗಿರಿಜಕ್ಕ?”

“ನಾನಿರುವಲ್ಲಿ ಬೆಳಗಾದರೆ ನನಗೆ ಪಂಚಮಿ.”

ವಿಷಯ ನನಗೆ ಅರ್ಥವಾಯಿತು, ತಂಬಿಲವೆಂದರೆ ನಾಗನಿಗೆ ಹಾಲೆರೆದು, ಅರಸಿನ ಹಾಕಿ, ಕೊನೆಗೆ ಸೀಯಾಳ ಎರೆಯುವುದು. ಆ ಹಾವಿನ ತಲೆಗೆ ಹಗ್ಗ ಕಟ್ಟಿದೆ, ಮುಟ್ಟಬಾರದು, ಏನನ್ನೂ ಹಾಕಬಾರದು, ಹಾಕಿದರೆ ನಮ್ಮ ಗೈಡ್ ರೋಸಾ ಉತ್ತರ ಕೊಡಬೇಕಾಗುತ್ತದೆ ಎಂದು ವಿವರಿಸಿದೆ. ಅರಸಿನ ತಂದಿದ್ದರೆ ನನ್ನ ಕೈಗೆ ಕೊಡಿ ಎಂದು ಅಂಗೈ ಚಾಚಿದೆ. ಅವರು ಒಂದು ಸಣ್ಣ ಕಟ್ಟು ತೆಗೆದು ಇಟ್ಟರು. ನಾನು ಅದನ್ನು ಪ್ರಥಮ ಚಿಕಿತ್ಸೆಯ ಚೀಲದಲ್ಲಿ ಹಾಕಿದೆ.

ಆ ಜಾಗ ದೊಡ್ಡ ಹೆಸರಿನದ್ದಲ್ಲ, ಬಸ್ಸುಗಳ ಸಾಲಿಲ್ಲ. ಗೇಟಿನ ಹೊರಗೆ ಮರದ ಕೆಳಗೆ ಒಬ್ಬ ಸೀಯಾಳ ಮಾರುತ್ತಿದ್ದ. ಒಳಗೆ ಕಲ್ಲುಗಳ ಸಂದಿನಲ್ಲಿ ಉಡದಂಥ ದಪ್ಪ ಇಗ್ವಾನಾಗಳು ಬಿಸಿಲು ಕಾಯುತ್ತಿದ್ದವು. ನಾನು ಕೊನೆಯಲ್ಲಿದ್ದೆ. ಸಿರಿಲ್ ಮಾಮ್ ಅವರ ಶೂ ಲೇಸ್ ಬಿಚ್ಚಿತ್ತು, ಬಗ್ಗಿ ಕಟ್ಟುತ್ತಿದ್ದೆ. ಆಗ ಕಾವಲುಗಾರನ ವಿಶಲ್ ಕೇಳಿಸಿತು.

ಓಡಿಹೋದಾಗ ಮೊದಲು ಕಂಡದ್ದು ಹುಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದ ಪುಟ್ಟ ಪ್ಲಾಸ್ಟಿಕ್ ಕಪ್ಪುಗಳು. ಹೋಟೆಲ್ ಕೋಣೆಯಲ್ಲಿ ಕಾಫಿಗೆಂದು ಇಡುವ ಹಾಲಿನವು. ಒಂದೊಂದರ ಮುಚ್ಚಳವನ್ನೂ ಜೋಪಾನವಾಗಿ ಸುಲಿದು ಬದಿಗಿಟ್ಟಿದ್ದರು. ಹಾವಿನ ಗದ್ದದಿಂದ ಹಾಲು ಇಳಿಯುತ್ತಿತ್ತು, ಹಣೆಯ ಮೇಲೆ ಹಳದಿ. ನನ್ನ ಚೀಲದಲ್ಲಿದ್ದದ್ದು ಒಂದು ಕಟ್ಟು, ಅವರ ಬಳಿ ಇನ್ನೊಂದು ಇತ್ತು. ಗಿರಿಜಕ್ಕ ಕೈಮುಗಿದು ನಿಂತಿದ್ದರು, ಕಾವಲುಗಾರ ಅವರ ಮತ್ತು ಕಲ್ಲಿನ ನಡುವೆ ಕೈ ಅಡ್ಡ ಹಿಡಿದಿದ್ದ. ಸೀಯಾಳ ತರಲು ಹೋಗಿದ್ದ ಜಗನ್ನಾಥಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ದಾರಿಯ ಮಧ್ಯದಲ್ಲೇ ನಿಂತುಬಿಟ್ಟಿದ್ದರು. ಮಾರುವವನು ಅದಕ್ಕೆ ಸ್ಟ್ರಾ ಹಾಕಿ ಕೊಟ್ಟಿದ್ದ.

ಮೇಲ್ವಿಚಾರಕಿ ಬಂದಳು. ಸೊಂಟದಲ್ಲಿ ಬೀಗದ ಕೈಗೊಂಚಲು. ಬೈಯಲಿಲ್ಲ. ರೋಸಾಳ ಕತ್ತಿನಲ್ಲಿದ್ದ ಗೈಡ್ ಕಾರ್ಡನ್ನು ತೆಗೆದು ತನ್ನ ಕಿಸೆಗೆ ಹಾಕಿಕೊಂಡಳು. ರೋಸಾ ಕಾರ್ಡ್ ಇದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕುವವಳು ಎಂದು ಬಸ್ಸಿನಲ್ಲಿ ಹೇಳಿದ್ದಳು. ಕಾರ್ಡ್ ಇಲ್ಲದಿದ್ದರೆ ನಾಳೆಯಿಂದ ಕೆಲಸವಿಲ್ಲ.

“ಅವಳದ್ದು ಯಾಕೆ ತೆಗೆದದ್ದು?” ಎಂದರು ಗಿರಿಜಕ್ಕ. “ಮಾಡಿದ್ದು ನಾನಲ್ವಾ?”

“ನೀವು ನಾಳೆ ದುಬೈಗೆ ಹೋಗ್ತೀರಿ ಗಿರಿಜಕ್ಕ. ಅವಳು ಇಲ್ಲಿಯೇ ಇರುವವಳು.”

ಅವರ ಮುಖ ಇಳಿಯಿತು. ಅದರ ನಂತರ ಅವರು ಹಾವಿನ ಕಡೆ ನೋಡಲಿಲ್ಲ, ರೋಸಾಳನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಕೆಲಸದವನೊಬ್ಬ ಸೋಪಿನ ನೊರೆ ತುಂಬಿದ ಬಕೆಟ್ ತಂದ. ನಾನು ಬಕೆಟ್ಟಿನ ಹಿಡಿ ಹಿಡಿದುಕೊಂಡೆ. ಅಡುಗೆ ಮಾಡುವ ಯಾವ ಹೆಂಗಸಿಗೂ ಇದು ಗೊತ್ತು. ಬಟ್ಟೆಗೆ ಅರಸಿನ ತಾಗಿದರೆ ಸೋಪು ಹಾಕಬಾರದು, ಕೆಂಪಾಗುತ್ತದೆ. ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು, ಬಿಸಿಲೇ ಅದನ್ನು ತಿನ್ನುತ್ತದೆ. ಹಾವಿನ ಹಣೆ ಕೆಂಪಾದರೆ ರಕ್ತ ಹಚ್ಚಿದಂತೆ ಕಾಣುತ್ತಿತ್ತು. ಇಂಗ್ಲಿಷಿನಲ್ಲಿ ಹೇಳಿದೆ, ರೋಸಾ ಸ್ಪ್ಯಾನಿಷಿಗೆ ತಿರುಗಿಸಿದಳು. ಇದು ಬಣ್ಣವಲ್ಲ, ಆಹಾರ ಎಂದು ತೋರಿಸಲು ನನ್ನ ಚೀಲದ ಕಟ್ಟು ಬಿಚ್ಚಿ ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡೆ. ಮೇಲ್ವಿಚಾರಕಿ ಮೂಸಿ ನೋಡಿದಳು. ಬರಿ ನೀರು ಹಾಕಲು ಹೇಳಿದಳು. ಮುಚ್ಚುವ ಹೊತ್ತಿಗೆ ಕಲೆ ಹೋಗಿದ್ದರೆ ಕಾರ್ಡ್ ವಾಪಸ್, ಇಲ್ಲವಾದರೆ ಮೇಲಿನ ಆಫೀಸಿಗೆ.

ನಾನು ಬಸ್ಸನ್ನು ನಿಲ್ಲಿಸಿದೆ. ಆ ಮಧ್ಯಾಹ್ನದ ಈಜು, ಊಟದ ಬುಕಿಂಗ್ ಎಲ್ಲ ಹೋಯಿತು. ವರ್ಗೀಸ್ ಸರ್‌ಗೆ ಫೋನ್ ಮಾಡಿದರೆ, ಬಾಯಲ್ಲಿ ಕ್ಯಾಪ್ ಕಚ್ಚಿಕೊಂಡೇ, “ಗೈಡನ್ನು ಬಿಟ್ಟು ಬರಬೇಡ,” ಎಂದಷ್ಟೇ ಹೇಳಿದರು. ಮೇಲಿನವರ ಬಗ್ಗೆ ಏನೇನೋ ಹೇಳಬಹುದು, ನಾನು ಅವರ ಈ ಒಂದು ಮಾತನ್ನು ಹೇಳುತ್ತೇನೆ.

ಹೀಗೆ ನಾವೆಲ್ಲ ಮರದ ನೆರಳಿನಲ್ಲಿ ಕೂತು ಒಂದು ಕಲ್ಲು ಒಣಗುವುದನ್ನು ನೋಡಿದೆವು. “ನಮ್ಮ ಸ್ವಿಮ್ಮಿಂಗ್ ಹಾವಿಗೆ ಹೋಯ್ತು,” ಎಂದು ಸಿರಿಲ್ ಮಾಮ್ ಗೊಣಗಿದರೂ ತಮ್ಮ ಟೊಪ್ಪಿಯನ್ನು ರೋಸಾಳಿಗೆ ಕೊಟ್ಟರು. ಒಂದು ಇಗ್ವಾನಾ ಇಳಿದು ಬಂದು ಹಾಲಿನ ಕಪ್ಪೊಂದನ್ನು ನೆಕ್ಕಿತು. ಗಿರಿಜಕ್ಕ ಅದನ್ನು ತುಂಬ ಹೊತ್ತು ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು. ಜಗನ್ನಾಥಣ್ಣನ ಬಾಯಲ್ಲಿ ಸ್ಟ್ರಾ.

“ಅದು ಯಾರದ್ದು ಅಂತ ಗೊತ್ತುಂಟಾ?”

ಅವರು ಸ್ಟ್ರಾ ಬಿಡದೆ, “ನೀನೇ ಹಿಡ್ಕೊಳ್ಳಿ ಅಂದದ್ದು,” ಎಂದರು.

“ಹಿಡ್ಕೊಳ್ಳಿ ಅಂದೆ. ಕುಡೀರಿ ಅಂದೆನಾ?”

ಸೀಯಾಳ ಖಾಲಿಯಾಗಿತ್ತು. ಯಾರೂ ನಗಲಿಲ್ಲ, ಆದರೆ ಹಿಂದಿನ ಸಾಲಿನ ಹೆಂಗಸರ ಭುಜಗಳು ಅಲುಗುತ್ತಿದ್ದವು.

ಮೂರು ಗಂಟೆಯ ಸುಮಾರಿಗೆ ಮೋಡ ಕವಿಯಿತು. ದುಬೈಯಲ್ಲಿ ಒಂದು ಹನಿ ಬಿದ್ದರೆ ಬಾಲ್ಕನಿಗೆ ಓಡುವವರು ನಾವು, ಅಂದು ಎಲ್ಲರೂ ಆಕಾಶ ನೋಡಿ ಮಳೆ ಬೇಡ ಎಂದು ಬೇಡಿದೆವು. ಮೋಡ ಹಾಗೆಯೇ ಸರಿದು ಮತ್ತೆ ಬಿಸಿಲು ಬಂತು. ಮುಚ್ಚುವ ಹೊತ್ತಿಗೆ ಹಣೆಯ ಹಳದಿ ಹಳೆಯ ಕಾಗದದ ಬಣ್ಣಕ್ಕೆ ಇಳಿದಿತ್ತು, ಪಕ್ಕದ ಕಲ್ಲಿಗೂ ಅದಕ್ಕೂ ವ್ಯತ್ಯಾಸ ಹುಡುಕಬೇಕಿತ್ತು. ಮೇಲ್ವಿಚಾರಕಿ ಹತ್ತಿರ ಬಗ್ಗಿ, ಬೆರಳಿನಿಂದ ಒರೆಸಿ, ಬೆರಳು ನೋಡಿದಳು. ಕಿಸೆಯಿಂದ ಕಾರ್ಡ್ ತೆಗೆದು ಕೊಟ್ಟಳು. ರೋಸಾ ಅದನ್ನು ಕತ್ತಿಗೆ ಹಾಕಿಕೊಂಡ ಮೇಲೆಯೇ ನೀರು ಕುಡಿದದ್ದು.

ಹೊರಗೆ ಬಂದಾಗ ಅವಳು ಗಿರಿಜಕ್ಕನ ಕೈ ಹಿಡಿದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕನ್ನಡಕ್ಕೆ ತಿರುಗಿಸಿದೆ. “ಬೇಲಿಯ ಹೊರಗೆ ಮರದ ಬುಡಕ್ಕೆ ಏನು ಬೇಕಾದರೂ ಎರೆಯಿರಿ ಅಮ್ಮ. ಬೇಲಿಯ ಒಳಗೆ ನನ್ನ ಅನ್ನ ಇರುವುದು.”

ಗಿರಿಜಕ್ಕ ಮರದ ಕಡೆ ನೋಡಿದರು. ಸೀಯಾಳದವನು ಗಾಡಿ ಕಟ್ಟಿಕೊಂಡು ಹೋಗಿಯಾಗಿತ್ತು.

ಹಾಗೆ ತಂಬಿಲ ಅರ್ಧಕ್ಕೆ ನಿಂತಿತು. ಹಾಲೆರೆದಾಗಿದೆ, ಅರಸಿನ ಹಾಕಿಯಾಗಿದೆ, ಸೀಯಾಳ ಮಾತ್ರ ಬಾಕಿ. ಶುರುವೇ ಮಾಡದಿದ್ದರೆ ಅಷ್ಟು ಕಷ್ಟವಿರಲಿಲ್ಲ, ಶುರು ಮಾಡಿ ನಿಲ್ಲಿಸಬಾರದು ಎನ್ನುತ್ತಾರೆ ಗಿರಿಜಕ್ಕ. ಒಂದು ವರ್ಷದಲ್ಲಿ ಅವರ ಮೊಣಕಾಲಿನ ಆಪರೇಷನ್ ಆಯಿತು, ಅಳಿಯನ ಕೆಲಸ ಹೋಯಿತು, ಕೆಫೆಟೇರಿಯಾದ ಫ್ರಿಜ್ ಎರಡು ಸಲ ಕೆಟ್ಟಿತು. ಎಲ್ಲದಕ್ಕೂ ಅವರು ಗಂಡನ ಕಡೆ ನೋಡುತ್ತಿದ್ದರು. ಮಾತಿಗೆ ಮಾತು ಬಂದರೆ, “ದೇವರ ಸೀಯಾಳ ಕುಡಿದವರು ನೀವು,” ಎನ್ನುವುದು ನಮ್ಮ ಮನೆಯ ವರೆಗೆ ಕೇಳಿಸುತ್ತಿತ್ತು. ಊರಿನ ನಾಗಬನದಲ್ಲಿ ಈ ವರ್ಷ ಮಗಳ ಕೈಯಿಂದ ತಂಬಿಲ ಕೊಡಿಸಿದ್ದಾರೆ. ಅದು ಅಲ್ಲಿ. ಮೆಕ್ಸಿಕೋದ ಈ ಬಾಕಿ ಅದರಿಂದ ತೀರುವುದಿಲ್ಲ.

ಗಿರಿಜಕ್ಕ ಕಟ್ಟು ಕೊಟ್ಟ ಆ ದಿನ ಮಧ್ಯಾಹ್ನ ಅನ್ವಿತಾ ಬಂದಳು. ಸಿಲಿಕಾನ್ ಓಯಸಿಸ್‌ನಲ್ಲಿ ತಂದೆತಾಯಿಯ ಜೊತೆ ಇರುವ, ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ಭುಜದಲ್ಲಿ ಚೀಲ, ಕೈಯಲ್ಲಿ ಸ್ಟೀಲ್ ಡಬ್ಬಿ.

“ಸಾರಿ ಆಂಟಿ, ಲೇಟ್ ಆಯ್ತು. ಕೆಳಗೆ ಲಿಫ್ಟ್ ಹತ್ರ ಗಿರಿಜಾ ಆಂಟಿ ಸಿಕ್ಕಿದ್ರು. ಫ್ಲೈಟಲ್ಲಿ ತಿನ್ಲಿಕ್ಕೆ ಕಡುಬು ಕೊಟ್ರು.”

ನಾನು ಅವಳಿಗೆ ನನ್ನ ಹಳೆಯ ಪ್ರಥಮ ಚಿಕಿತ್ಸೆಯ ಚೀಲ, ವಿಶಲ್, ಲಿಂಬೆ ಪೆಪ್ಪರ್‌ಮಿಂಟಿನ ಡಬ್ಬಿ ಕೊಟ್ಟೆ. ಈಗ ಎಲ್ಲ ಮೊಬೈಲಿನಲ್ಲಿದೆ. ನಮ್ಮ ಕಾಲದ ಪ್ಲಾಸ್ಟಿಕ್ ಫೋಲ್ಡರ್‌ಗಳು ಹೋಗಿ ವಾಟ್ಸ್ಯಾಪ್ ಗುಂಪು ಬಂದಿದೆ, ಯಾರು ಎಲ್ಲಿದ್ದಾರೆ ಎಂದು ಚುಕ್ಕೆ ತೋರಿಸುತ್ತದೆ. ಒಳ್ಳೆಯದೇ. ಆದರೆ ಚುಕ್ಕೆಗೆ ಚಪ್ಪಲಿ ಇಲ್ಲ ಎಂದೆ.

“ಐ ನೋ ಆಂಟಿ. ಪಿಡಿಎಫ್ ಉಂಟು, ಮ್ಯಾಪ್ ಉಂಟು. ಜನ ಹೇಗೆ ಅಂತ ಅದ್ರಲ್ಲಿ ಇಲ್ಲ. ಅದನ್ನು ಹೇಳಿ.”

ಹೇಳಿದೆ. ಎಣ್ಣೆಯ ತಲೆಗಳು, ಸುಟ್ಟ ಅಂಗಾಲು, ಕಲ್ಲು ಒಣಗುವುದನ್ನು ಕಾದದ್ದು. ಎರಡನೆಯ ಕಟ್ಟಿನ ಮಾತು ಬಂದಾಗ ಅವಳು ಬಗ್ಗಿ ತನ್ನ ಡಬ್ಬಿಯ ಮುಚ್ಚಳ ಒತ್ತಿ ಸರಿಮಾಡಿದಳು. ರೋಸಾ ಈಗಲೂ ಅಲ್ಲಿಯೇ ಇದ್ದಾಳೆ, ಅವಳಿಗೆ ನನ್ನ ನಮಸ್ಕಾರ ಹೇಳು ಎಂದೆ.

ಗಿರಿಜಕ್ಕನ ಕಟ್ಟು ಅಡುಗೆಮನೆಯಲ್ಲಿ ಮಸಾಲೆ ಡಬ್ಬಿಗಳ ಹಿಂದೆ ಇತ್ತು. ಎರಡು ಸಲ ಎದ್ದುಹೋಗಿ ಅದನ್ನು ನೋಡಿ ಬಂದೆ. ಬೇಲಿಯ ಹೊರಗೆ ಎಂದು ಹೇಳಿ ಕೊಡಬಹುದಿತ್ತು. ಆದರೆ ಮೊದಲ ಸಲ ಗುಂಪು ಕರೆದುಕೊಂಡು ಹೋಗುವವಳ ಚೀಲದಲ್ಲಿ ಇನ್ನೊಬ್ಬರ ಭಾರ ಇರಬಾರದು. ಅವಳು ಹೊಸಬಳು, ಬೇಲಿ ಎಲ್ಲಿಂದ ಶುರು ಎಂದು ತಪ್ಪಿದರೆ ಅವಳ ಕೆಲಸವೂ ರೋಸಾಳ ಕಾರ್ಡೂ ಒಟ್ಟಿಗೆ ಹೋಗುತ್ತದೆ. ಹಾಗೆಂದು ಎದುರು ಮನೆಯಲ್ಲಿ ಒಂದು ವರ್ಷದಿಂದ ನೆಮ್ಮದಿಯಿಲ್ಲದ ಜೀವವೂ ಸಣ್ಣದಲ್ಲ. ಕೊನೆಗೆ ನಾನು ಕೊಡಲಿಲ್ಲ. ಸಂಜೆ ನಾನೇ ಗಿರಿಜಕ್ಕನಿಗೆ ಹೇಳುವುದು ಎಂದು ಗಟ್ಟಿಮಾಡಿಕೊಂಡೆ.

ಸಂಜೆ ಅನ್ವಿತಾ ಏರ್‌ಪೋರ್ಟಿಗೆ ಹೊರಟ ಮೆಸೇಜ್ ಬಂತು. ಕಸದ ಚೀಲ ಹಿಡಿದು ಕೆಳಗಿಳಿದೆ. ತೆರೆದ ಬಾಗಿಲಿನಿಂದ ಹೊರಗಿನ ಗಾಳಿ ಒದ್ದೆ ಟವೆಲಿನಂತೆ ಮುಖಕ್ಕೆ ತಾಗಿತು. ಲಾಬಿಯ ಏಸಿಯ ಕೆಳಗಿನ ಬೆಂಚಿನಲ್ಲಿ ಗಿರಿಜಕ್ಕ ಕೂತು ಮೊಣಕಾಲಿಗೆ ಮುಲಾಮು ತಿಕ್ಕುತ್ತಿದ್ದರು. ಪಕ್ಕದಲ್ಲಿ ಜಗನ್ನಾಥಣ್ಣ ಮೊಬೈಲಿನಲ್ಲಿ ಏನೋ ನೋಡುತ್ತಿದ್ದರು.

“ಹುಡುಗಿ ಹೊರಟಳಾ ಬಾಯಿ?”

“ಹೊರಟಳು.” ಕಸದ ಚೀಲವನ್ನು ಕೈ ಬದಲಾಯಿಸಿದೆ. “ಗಿರಿಜಕ್ಕ, ಆ ಕಟ್ಟಿನ ವಿಷಯ…”

ಅವರು ಮೊಣಕಾಲಿನಿಂದ ತಲೆ ಎತ್ತಲಿಲ್ಲ. “ಅದು ನಿಮ್ಮ ಮೀನು ಪದಾರ್ಥಕ್ಕೆ ಹಾಕಿ, ಊರಿನ ಒಳ್ಳೆ ಅರಸಿನ. ನೀವು ಕೊಡ್ಲಿಕ್ಕಿಲ್ಲ ಅಂತ ಗೊತ್ತಿತ್ತು. ಅಲ್ಲಿಗೆ ಹೋಗ್ಬೇಕಾದ್ದು ಕಡುಬಿನ ಡಬ್ಬಿಯ ಒಟ್ಟಿಗೆ ಹೋಗಿಯಾಯ್ತು. ಬೇಲಿಯ ಹೊರಗೆ, ಮರದ ಬುಡಕ್ಕೆ ಅಂತ ಹೇಳಿದ್ದೇನೆ. ಸೀಯಾಳಕ್ಕೆ ಸ್ಟ್ರಾ ಹಾಕಿಸ್ಬೇಡ ಅಂತಲೂ.”